ಹದಿಹರೆಯದ ಕೈಯಲ್ಲಿ ಮೊಬೈಲ್: ಕಿತ್ತುಕೊಳ್ಳುವುದೋ, ಜೊತೆಗೆ ಕುಳಿತು ಓದುವುದೋ?

ಜೋಕಾ (ಕೋಲ್ಕತಾ): ಹದಿನಾರು ವರ್ಷದೊಳಗಿನ ಮಕ್ಕಳು ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದುವಂತಿಲ್ಲ ಎಂಬ ಕಾನೂನು ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಂದು ಜಾರಿಗೆ ಬಂತು. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್, ಟಿಕ್‌ಟಾಕ್, ಯೂಟ್ಯೂಬ್ ಮುಂತಾದ ದೊಡ್ಡ ತಾಣಗಳೆಲ್ಲ ಇದರ ವ್ಯಾಪ್ತಿಗೆ ಒಳಪಟ್ಟವು. ತಪ್ಪಿದರೆ ಸುಮಾರು 5 ಕೋಟಿ ಆಸ್ಟ್ರೇಲಿಯನ್ ಡಾಲರುಗಳವರೆಗೆ ದಂಡ. ಗಮನಿಸಬೇಕಾದ ಅಂಶವೆಂದರೆ ಈ ದಂಡ ಕಂಪೆನಿಗಳಿಗೇ ಹೊರತು ಮಕ್ಕಳಿಗಾಗಲಿ, ಹೆತ್ತವರಿಗಾಗಲಿ ಅಲ್ಲ.

ಆ ಸುದ್ದಿ ಬಂದಂದಿನಿಂದ ನಮ್ಮ ಹೊರನಾಡ ಕನ್ನಡ ಸಂಘಗಳ ಸಭೆಗಳಲ್ಲಿಯೂ ಇದೇ ಮಾತು. "ನಮ್ಮ ದೇಶದಲ್ಲೂ ಇಂಥ ಕಾನೂನು ಬರಬೇಕು", "ಮಕ್ಕಳು ಕೈಕೆಟ್ಟು ಹೋದರು", "ಪುಸ್ತಕ ಮುಟ್ಟುವವರೇ ಇಲ್ಲ" ಎಂಬ ಮಾತುಗಳನ್ನು ಕೇಳದ ಕಾರ್ಯಕಾರಿ ಸಮಿತಿ ಇರಲಾರದು. ರಾಜ್ಯೋತ್ಸವದ ದಿನ ಸಭಾಂಗಣದ ಬಾಗಿಲಲ್ಲಿ ಒಂದು ಬುಟ್ಟಿ ಇಟ್ಟು ಮಕ್ಕಳ ಮೊಬೈಲ್‌ಗಳನ್ನೆಲ್ಲ ಅದರಲ್ಲಿ ಹಾಕಿಸೋಣ ಎಂಬ ಸಲಹೆಯೂ ಬಂದದ್ದುಂಟು. ಸಲಹೆ ಕೊಟ್ಟವರ ಕಳಕಳಿಯಲ್ಲಿ ಎರಡು ಮಾತಿಲ್ಲ. ಆದರೆ ಬುಟ್ಟಿ ಇಡುವ ಮೊದಲು ಆ ಮೊಬೈಲಿನೊಳಗೆ ನಮ್ಮ ಮಕ್ಕಳು ಏನು ಮಾಡುತ್ತಿದ್ದಾರೆ, ಅದರಲ್ಲಿ ಉಳಿಸಿಕೊಳ್ಳಬೇಕಾದದ್ದು ಯಾವುದು, ತಡೆಯಬೇಕಾದದ್ದು ಯಾವುದು ಎಂದು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಲೆಕ್ಕವೇ ನಮ್ಮ ಕಸುಬಾದ್ದರಿಂದ ಬ್ಯಾಂಕ್ ಗುಮಾಸ್ತನೊಬ್ಬ ಈ ಕೆಲಸಕ್ಕೆ ಕೈಹಾಕಿದರೆ ಓದುಗರು ಅನ್ಯಥಾ ಭಾವಿಸಲಾರರು ಎಂದುಕೊಂಡಿದ್ದೇನೆ.

ಜೋಕಾದ ಮಕ್ಕಳು, ನಾಲ್ಕು ಭಾಷೆ

ಜೋಕಾ ಎಂದರೆ ಊರಿನವರಿಗೆ ನೆನಪಾಗುವುದು ಐಐಎಂ. 1961ರಲ್ಲಿ ಆರಂಭವಾದ ಕಲ್ಕತ್ತಾ ಐಐಎಂನ ಕ್ಯಾಂಪಸ್ ಇರುವುದು ಇಲ್ಲಿ, ಡೈಮಂಡ್ ಹಾರ್ಬರ್ ರಸ್ತೆಯ ಬದಿಯಲ್ಲಿ. ಒಂದು ಕಾಲಕ್ಕೆ ಟ್ರಾಮಿನ ಕೊನೆಯ ನಿಲ್ದಾಣವಾಗಿದ್ದ ಈ ಊರು 2012ರಲ್ಲಿ ಕೋಲ್ಕತಾ ಮಹಾನಗರ ಪಾಲಿಕೆಗೆ ಸೇರಿತು. 2022ರ ಡಿಸೆಂಬರ್ 30ರಂದು ಜೋಕಾದಿಂದ ತಾರಾತಲಾದವರೆಗೆ ಮೆಟ್ರೊ ಆರಂಭವಾಯಿತು. 2024ರ ಮಾರ್ಚ್‌ನಲ್ಲಿ ಅದು ಮಾಝೇರ್‌ಹಾಟ್‌ವರೆಗೆ ಬೆಳೆಯಿತು. ರಸ್ತೆಯ ಎರಡೂ ಬದಿ ಫ್ಲಾಟುಗಳೆದ್ದು ನಿಂತಿವೆ. ಬ್ಯಾಂಕು, ಕೇಂದ್ರ ಸರಕಾರದ ಕಚೇರಿ, ಸಾಫ್ಟ್‌ವೇರ್ ಕಂಪೆನಿ, ಹೋಟೆಲು ಎಂದು ಬಂದ ನಮ್ಮವರ ಮನೆಗಳು ಅಲ್ಲೊಂದು ಇಲ್ಲೊಂದು ಇವೆ. ಮುಂಬಯಿಯಂತೆ ಇಲ್ಲಿ ಒಂದು ಬಿಲ್ಡಿಂಗಿನಲ್ಲಿ ಹತ್ತು ಕನ್ನಡ ಮನೆಗಳಿಲ್ಲ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಂಥ ಪರಂಪರೆ ಇಲ್ಲಿಲ್ಲ. ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ಬಂಗಾಳಿ, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಹಿಂದಿ. ಹೀಗೆ ನಾಲ್ಕು ಭಾಷೆಗಳ ನಡುವೆ ಬೆಳೆಯುವ ಮಗು ಕನ್ನಡವನ್ನು ಮಾತಾಡುತ್ತದೆ. ಓದಲು ಬಾರದು.

ಇಂಥ ಮಗುವಿನ ಕೈಗೆ ಮೊಬೈಲ್ ಬಂದಾಗ ಏನಾಗುತ್ತದೆ? ಊರಿನ ಅತ್ತೆ ಮಗಳೊಡನೆ, ದೊಡ್ಡಪ್ಪನ ಮಗನೊಡನೆ ದಿನನಿತ್ಯ ಮಾತು ಶುರುವಾಗುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತಾರೆ. ಕನ್ನಡ ಸಿನಿಮಾ ಹಾಡಿಗೆ ರೀಲ್ ಮಾಡುತ್ತಾರೆ. ವರ್ಷಕ್ಕೊಮ್ಮೆ ಬೇಸಗೆ ರಜೆಯಲ್ಲಿ ಮಾತ್ರ ಸಿಗುತ್ತಿದ್ದ ಊರಿನ ನಂಟು ಈಗ ದಿನವೂ ಸಿಗುತ್ತಿದೆ. ಇದನ್ನು ಜಮೆ ಬದಿಯಲ್ಲಿ ಬರೆಯಲೇಬೇಕು. ಖರ್ಚಿನ ಬದಿಯೂ ದೊಡ್ಡದೇ ಇದೆ. ಅದಕ್ಕೆ ಆಮೇಲೆ ಬರೋಣ.

ದೇಶದ ಮಟ್ಟದಲ್ಲಿ ನೋಡುವುದಾದರೆ, ಪ್ರಥಮ್ ಸಂಸ್ಥೆಯ ಅಸರ್ 2024 ವರದಿ ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳ ಬಗ್ಗೆ ಉಪಯುಕ್ತ ಅಂಕಿ ಅಂಶಗಳನ್ನು ಕೊಟ್ಟಿದೆ. ಶೇ. 82ರಷ್ಟು ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಗೊತ್ತು. ಸಮೀಕ್ಷೆಯ ಹಿಂದಿನ ವಾರದಲ್ಲಿ ಶೇ. 57ರಷ್ಟು ಮಕ್ಕಳು ಅದನ್ನು ಓದಿಗೆ ಸಂಬಂಧಿಸಿದ ಕೆಲಸಕ್ಕೆ ಬಳಸಿದ್ದರೆ, ಶೇ. 76ರಷ್ಟು ಮಕ್ಕಳು ಸಾಮಾಜಿಕ ಜಾಲತಾಣಕ್ಕೆ ಬಳಸಿದ್ದರು. ಜಾಲತಾಣ ಬಳಸುವವರಲ್ಲಿ ತೊಂದರೆ ಕೊಡುವವರನ್ನು ತಡೆಯುವುದು ಅಥವಾ ಅವರ ಬಗ್ಗೆ ದೂರು ಕೊಡುವುದು ಹೇಗೆಂದು ತಿಳಿದವರು ಶೇ. 62. ತನ್ನ ಖಾತೆಯನ್ನು ಅಪರಿಚಿತರಿಗೆ ಕಾಣದಂತೆ ಮಾಡಲು ತಿಳಿದವರು ಶೇ. 55. ಅಂದರೆ ಹತ್ತು ಮಕ್ಕಳಲ್ಲಿ ನಾಲ್ವರು ಬಾಗಿಲಿಗೆ ಅಗುಳಿ ಹಾಕಲು ಬಾರದೆ ಮನೆಯೊಳಗೆ ಮಲಗಿದ್ದಾರೆ ಎಂದಾಯಿತು. ನಗರದ ಮಕ್ಕಳು ಹೆಚ್ಚು ಬುದ್ಧಿವಂತರೆಂದು ನಾವು ನಿಶ್ಚಿಂತೆಯಿಂದ ಇರಲು ಯಾವ ಕಾರಣವೂ ಇಲ್ಲ.

ಪುಸ್ತಕವೂ ಮಾತಾಡತೊಡಗಿದೆ

ಮೊಬೈಲ್ ಎಂದಾಕ್ಷಣ ರೀಲ್ಸ್ ಎಂದೇ ತಿಳಿಯಬೇಕಾಗಿಲ್ಲ. ಓದುಗನು ಸುಮ್ಮನೆ ಓದದೆ ತಾನೂ ಪಾಲ್ಗೊಳ್ಳುವ ಪುಸ್ತಕಗಳೂ ಅದರಲ್ಲಿಯೇ ಬಂದಿವೆ. ಇದರ ಮೂಲ ಕಂಪ್ಯೂಟರಿನದ್ದಲ್ಲ. 1979ರಲ್ಲಿ ಅಮೆರಿಕದ ಎಡ್ವರ್ಡ್ ಪ್ಯಾಕರ್ಡ್ ಬರೆದ 'ದಿ ಕೇವ್ ಆಫ್ ಟೈಮ್' ಎಂಬ ಪುಸ್ತಕದಲ್ಲಿ ಓದುಗನೇ ಕಥಾನಾಯಕ. ಗುಹೆಯೊಳಗೆ ಹೋಗುವುದಾದರೆ ಇಂಥ ಪುಟ, ಹಿಂದಿರುಗುವುದಾದರೆ ಇನ್ನೊಂದು ಪುಟ ಎಂದು ಆಯ್ಕೆ ಕೊಟ್ಟಿದ್ದರು. ಒಂದೇ ಪುಸ್ತಕದಲ್ಲಿ ಹತ್ತಾರು ಮುಕ್ತಾಯಗಳು.

ನಮ್ಮವರಿಗೆ ಇದೇನೂ ತೀರಾ ಹೊಸತಲ್ಲ. ತಾಳಮದ್ದಳೆಯಲ್ಲಿ ಪ್ರಸಂಗದ ಪದ್ಯ ಒಂದೇ ಇರುತ್ತದೆ. ಅರ್ಥಧಾರಿ ಬದಲಾದರೆ ಮಾತು ಬದಲಾಗುತ್ತದೆ, ಎದುರಾಳಿಯ ಒಂದು ಪ್ರಶ್ನೆಗೆ ಇಡೀ ರಾತ್ರಿಯ ದಿಕ್ಕು ಬದಲಾಗುತ್ತದೆ. ಗಮಕ ವಾಚನದಲ್ಲಿ ಒಬ್ಬರು ಓದಿ ಇನ್ನೊಬ್ಬರು ಬಿಡಿಸಿ ಹೇಳುತ್ತಿದ್ದರು, ಕೇಳುವವರು ನಡುವೆ ಬಾಯಿ ಹಾಕುತ್ತಿದ್ದರು. ಪುಸ್ತಕವೆಂದರೆ ಮೂಲೆಯಲ್ಲಿ ಕುಳಿತು ಒಬ್ಬನೇ ಓದುವ ವಸ್ತು ಎಂಬ ಕಲ್ಪನೆಯೇ ನಮ್ಮ ಹಳ್ಳಿಗಳಲ್ಲಿ ಈಚಿನದು.

ಇಂದು ಈ ಬಗೆಯ ಪುಸ್ತಕಗಳು ಮೂರು ನಾಲ್ಕು ರೂಪಗಳಲ್ಲಿ ಮಕ್ಕಳ ಕೈಗೆ ಸಿಗುತ್ತಿವೆ. ಮೊದಲನೆಯದು ಶಾಲೆಯ ಪಠ್ಯಪುಸ್ತಕ. ಕೇಂದ್ರ ಸರಕಾರ 2017ರಲ್ಲಿ ಆರಂಭಿಸಿದ ದೀಕ್ಷಾ ವ್ಯವಸ್ಥೆಯಿಂದಾಗಿ ಪಾಠದ ಪಕ್ಕದಲ್ಲಿ ಕ್ಯುಆರ್ ಕೋಡ್ ಬಂದಿದೆ. ಮೊಬೈಲ್ ಹಿಡಿದರೆ ಆ ಪಾಠದ ವೀಡಿಯೊ, ಅಭ್ಯಾಸದ ಪ್ರಶ್ನೆಗಳು ತೆರೆದುಕೊಳ್ಳುತ್ತವೆ. ಕರ್ನಾಟಕದ ಪಠ್ಯಪುಸ್ತಕಗಳಲ್ಲಿಯೂ ಈ ಸೌಲಭ್ಯ ಬಂದಿದೆ. ಜೊತೆಗೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಒಂದನೇ ತರಗತಿಯ ಕನ್ನಡ ಪುಸ್ತಕವನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ಊರಿನಿಂದ ಪುಸ್ತಕ ತರಿಸಲು ಬಂಧುಗಳಿಗೆ ಹೇಳಿ ಕಾಯುವ ಕಾಲ ಮುಗಿದಿದೆ.

ಎರಡನೆಯದು ಧ್ವನಿಯೊಂದಿಗೆ ಬರುವ ಕಥೆಪುಸ್ತಕ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರ ಸೆಪ್ಟೆಂಬರ್ 8ರಂದು, ವಿಶ್ವ ಸಾಕ್ಷರತಾ ದಿನದಂದು, ಸ್ಟೋರಿವೀವರ್ ಎಂಬ ತಾಣವನ್ನು ತೆರೆಯಿತು. ಅದರಲ್ಲಿ ಕನ್ನಡ, ಬಂಗಾಳಿ ಸೇರಿದಂತೆ ಅನೇಕ ಭಾಷೆಗಳ ಚಿತ್ರಕಥೆಗಳು ಉಚಿತ. ಕೆಲವು ಕಥೆಗಳನ್ನು ಓದಿ ಹೇಳುವ ಧ್ವನಿಯೂ ಇದೆ. ಇನ್ನೂ ಮುಖ್ಯವಾದ ಸಂಗತಿ ಎಂದರೆ ಅಲ್ಲಿಯ ಕಥೆಯನ್ನು ಬೇರೆ ಭಾಷೆಗೆ ಅನುವಾದಿಸಿ ಅಲ್ಲಿಯೇ ಪ್ರಕಟಿಸುವ ಅವಕಾಶ ಎಲ್ಲರಿಗೂ ಇದೆ. ಈ ಅಂಶವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಮೂರನೆಯದು ಧಾರಾವಾಹಿ ಕಥೆಗಳ ತಾಣ. ಕೆನಡಾದ ಟೊರಾಂಟೊದಲ್ಲಿ 2006ರಲ್ಲಿ ಹುಟ್ಟಿದ ವಾಟ್‌ಪ್ಯಾಡ್, ಬೆಂಗಳೂರಿನಲ್ಲಿ 2014ರಲ್ಲಿ ಹುಟ್ಟಿದ ಪ್ರತಿಲಿಪಿ ಇದಕ್ಕೆ ಉದಾಹರಣೆ. ಪ್ರತಿಲಿಪಿಯಲ್ಲಿ ಕನ್ನಡವೂ ಇದೆ, ಬಂಗಾಳಿಯೂ ಇದೆ. ಕಂತು ಕಂತಾಗಿ ಕಥೆ ಬರುತ್ತದೆ. ಓದಿದವರು ಕೂಡಲೇ ಅಭಿಪ್ರಾಯ ಬರೆಯುತ್ತಾರೆ. ವಾಟ್‌ಪ್ಯಾಡ್‌ನಲ್ಲಂತೂ ಒಂದೊಂದು ಪ್ಯಾರಾಕ್ಕೂ ಟೀಕೆ ಬರೆಯಬಹುದು. ಮುಂದಿನ ಕಂತು ಬರೆಯುವವರು ಆ ಅಭಿಪ್ರಾಯಗಳನ್ನು ನೋಡಿಕೊಂಡೇ ಬರೆಯುತ್ತಾರೆ. ಬ್ರಿಟನ್ನಿನ ಬೆತ್ ರೀಕಲ್ಸ್ ಎಂಬಾಕೆ 15ನೇ ವಯಸ್ಸಿನಲ್ಲಿ ವಾಟ್‌ಪ್ಯಾಡ್‌ನಲ್ಲಿ ಬರೆಯತೊಡಗಿದ 'ದಿ ಕಿಸ್ಸಿಂಗ್ ಬೂತ್' ಎಂಬ ಕಥೆ ಆಮೇಲೆ ಪುಸ್ತಕವಾಯಿತು, 2018ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಸಿನಿಮಾವೂ ಆಯಿತು. ನಮ್ಮ ಮನೆಯ ಒಂಬತ್ತನೇ ಕ್ಲಾಸಿನ ಹುಡುಗಿ ರಾತ್ರಿ ಮೊಬೈಲ್ ಹಿಡಿದು ಕುಳಿತಿದ್ದರೆ ಅವಳು 60 ಕಂತುಗಳ ಕಾದಂಬರಿ ಓದುತ್ತಿರಲೂಬಹುದು. ಕೇಳಿ ತಿಳಿದುಕೊಳ್ಳದೆ ಬೈಯುವುದು ತರವಲ್ಲ. ಹಾಗೆಂದು ಅಲ್ಲಿರುವ ಕಥೆಗಳೆಲ್ಲ ಆ ವಯಸ್ಸಿಗೆ ತಕ್ಕವು ಎಂದೂ ಅಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ. ಕೆಲವು ಕಥೆಗಳಿಗೆ ಮುಂದಿನ ಕಂತು ಬೇಗ ಬೇಕಾದರೆ ಹಣ ಕೊಡಬೇಕಾಗುತ್ತದೆ ಎಂಬುದನ್ನೂ ಹೆತ್ತವರು ತಿಳಿದಿರಬೇಕು.

ಮಾತಾಡುವ ಪುಸ್ತಕದಿಂದ ಲಾಭವಿದೆಯೇ? ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ಸಂಶೋಧಕರು ಚಿಕ್ಕ ಮಕ್ಕಳ ಮೇಲೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ವರದಿಯ ಸಾರ ಹೀಗಿದೆ: ಕಥೆಗೆ ಹೊಂದುವ ಚಲಿಸುವ ಚಿತ್ರ, ಧ್ವನಿ ಇದ್ದರೆ ಮಗುವಿಗೆ ಕಥೆ ಚೆನ್ನಾಗಿ ತಿಳಿಯುತ್ತದೆ, ಹೊಸ ಶಬ್ದಗಳು ಬರುತ್ತವೆ. ಕಥೆಯ ನಡುವೆ ಆಟ, ಒತ್ತಿದರೆ ಕುಣಿಯುವ ಬೊಂಬೆ ಇತ್ಯಾದಿಗಳನ್ನು ತುರುಕಿದರೆ ಗಮನ ಚದುರಿ ಕಥೆಯೇ ಮರೆತುಹೋಗುತ್ತದೆ. ಕೊಂಡುಕೊಳ್ಳುವಾಗ ಥಳಕು ನೋಡಿ ಮರುಳಾಗಬಾರದು ಎಂಬುದಕ್ಕೆ ಇಷ್ಟು ಸಾಕು.

ನಮ್ಮ ಸಂಘದ ಒಂದು ಕೂಟದಲ್ಲಿ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಹಿರಿಯ ಸದಸ್ಯರೊಬ್ಬರು ಕನ್ನಡ ಕಥೆಪುಸ್ತಕ ಬಹುಮಾನವಾಗಿ ಕೊಟ್ಟಿದ್ದರು. ತಿಂಗಳ ನಂತರ ಓದಿದೆಯಾ ಎಂದು ಕೇಳಿದಾಗ ಅವಳು ಹೇಳಿದ್ದು ಇಷ್ಟೇ: "ಅಂಕಲ್, ಆ ಪುಸ್ತಕ ನಾನು ತಪ್ಪು ಓದಿದರೂ ಸುಮ್ಮನಿರುತ್ತೆ. ಸರಿ ಓದಿದರೂ ಸುಮ್ಮನಿರುತ್ತೆ. ಮನೆಯಲ್ಲಿ ಯಾರೂ ಜೊತೆಗೆ ಕೂರಲ್ಲ." ಹಿರಿಯರು ನಕ್ಕರು. ಆದರೆ ಅವಳ ಮಾತಿನಲ್ಲಿ ಹೊರನಾಡ ಕನ್ನಡದ ಸಮಸ್ಯೆ ಪೂರ್ತಿಯಾಗಿ ಇದೆ. ಅಕ್ಷರ ಗೊತ್ತಿಲ್ಲದ ಮಗುವಿಗೆ ಮೂಕ ಪುಸ್ತಕ ಕೊಟ್ಟು ನಾವು ಕರ್ತವ್ಯ ಮುಗಿಯಿತೆಂದುಕೊಳ್ಳುತ್ತೇವೆ. ತಿದ್ದುವ ಧ್ವನಿ ಬೇಕಾಗಿದೆ. ಅದು ಅಮ್ಮನದಾಗಬಹುದು, ಅಜ್ಜಿಯದಾಗಬಹುದು, ಅವರಿಬ್ಬರಿಗೂ ಪುರುಸೊತ್ತಿಲ್ಲದಿದ್ದರೆ ಮೊಬೈಲಿನದಾದರೂ ಆಗಲಿ.

ಆರ್ಕುಟ್‌ನಿಂದ ಇಲ್ಲಿಯವರೆಗೆ

ಸಾಮಾಜಿಕ ಜಾಲತಾಣದ ಗೀಳು ಈ ಪೀಳಿಗೆಯಿಂದಲೇ ಶುರುವಾದದ್ದಲ್ಲ. ಗೂಗಲ್ ಕಂಪೆನಿ 2004ರ ಜನವರಿಯಲ್ಲಿ ತೆರೆದ ಆರ್ಕುಟ್ ಭಾರತ ಮತ್ತು ಬ್ರೆಜಿಲ್‌ಗಳಲ್ಲಿ ಎಷ್ಟು ಜನಪ್ರಿಯವಾಗಿತ್ತೆಂದು ಇಂದಿನ ಹೆತ್ತವರಲ್ಲಿ ಅನೇಕರಿಗೆ ನೆನಪಿರಬಹುದು. ಕಾಲೇಜು ಮುಗಿಸಿ ಸೈಬರ್ ಕೆಫೆಯಲ್ಲಿ ಗಂಟೆಗೆ ಇಷ್ಟೆಂದು ಹಣ ತೆತ್ತು ಸ್ಕ್ರ್ಯಾಪ್ ಬರೆದವರೇ ಇಂದು ಮಕ್ಕಳಿಗೆ ಬುದ್ಧಿ ಹೇಳುತ್ತಿರುವವರು. 2014ರ ಸೆಪ್ಟೆಂಬರ್ 30ರಂದು ಆರ್ಕುಟ್ ಮುಚ್ಚಿತು. ಅಷ್ಟರಲ್ಲಿ 2006ರಲ್ಲಿ ಎಲ್ಲರಿಗೂ ತೆರೆದುಕೊಂಡ ಫೇಸ್‌ಬುಕ್ ಬೆಳೆದಿತ್ತು. 2010ರಲ್ಲಿ ಬಂದ ಇನ್‌ಸ್ಟಾಗ್ರಾಂ ಈಗ ಮಕ್ಕಳ ಅಡ್ಡೆಯಾಗಿದೆ. ಟಿಕ್‌ಟಾಕ್‌ಗೆ ಭಾರತ ಸರಕಾರ 2020ರ ಜೂನ್‌ನಲ್ಲಿ ನಿಷೇಧ ಹೇರಿತು. ಆಗ ಅದರಲ್ಲಿದ್ದ ಮಕ್ಕಳು ಮೊಬೈಲ್ ಕೆಳಗಿಡಲಿಲ್ಲ, ಮತ್ತೊಂದು ತಾಣಕ್ಕೆ ಹೋದರು. ನಿಷೇಧದಿಂದ ಎಲ್ಲವೂ ಸರಿಹೋಗುತ್ತದೆ ಎನ್ನುವವರು ಈ ಒಂದು ಸಂಗತಿಯನ್ನು ಗಮನಿಸಬೇಕು.

ಸೈಬರ್ ಕೆಫೆಯ ಕಾಲಕ್ಕೂ ಈ ಕಾಲಕ್ಕೂ ಇರುವ ವ್ಯತ್ಯಾಸವನ್ನು ಕಡೆಗಣಿಸುವಂತೆಯೂ ಇಲ್ಲ. ಕೆಫೆಗೆ ಮುಚ್ಚುವ ಹೊತ್ತು ಇತ್ತು. ಆರ್ಕುಟ್‌ನಲ್ಲಿ ಗೆಳೆಯರು ಬರೆದದ್ದು ಮುಗಿದರೆ ಓದುವುದೂ ಮುಗಿಯುತ್ತಿತ್ತು. ಇಂದಿನ ತಾಣಗಳಿಗೆ ಕೊನೆಯ ಪುಟ ಇಲ್ಲ. ಮಗು ಯಾವುದನ್ನು ಎಷ್ಟು ಸೆಕೆಂಡು ನೋಡಿತು ಎಂದು ಅಳೆದು ಅಂಥದ್ದನ್ನೇ ಮತ್ತೆ ಮತ್ತೆ ಬಡಿಸುವ ಯಂತ್ರವಿದೆ. ಪುಸ್ತಕ ಎಷ್ಟೇ ಮಾತಾಡಲಿ, ಅದಕ್ಕೊಂದು ಮುಕ್ತಾಯವಿದೆ. ರೀಲಿಗೆ ಮುಕ್ತಾಯವಿಲ್ಲ. ಪುಸ್ತಕಕ್ಕೆ ಹಣ ಕೊಡುವವನು ಓದುಗ. ಜಾಲತಾಣಕ್ಕೆ ಹಣ ಕೊಡುವವನು ಜಾಹೀರಾತುದಾರ, ಅವನು ಕೊಳ್ಳುವುದು ನಮ್ಮ ಮಕ್ಕಳ ಹೊತ್ತನ್ನು. ವ್ಯಾಪಾರದ ಈ ಲೆಕ್ಕ ತಿಳಿದರೆ ಎರಡರ ನಡುವಿನ ಭೇದ ತಾನಾಗಿ ತಿಳಿಯುತ್ತದೆ.

ಧರ್ಮೋದಾಸ್ ಘೋಷನ ಮೊಕದ್ದಮೆ

ಸಂಜೆ ಕಾಲೇಜಿನಲ್ಲಿ ಬಿಕಾಂ ಓದಿದವರಿಗೆಲ್ಲ ವಾಣಿಜ್ಯ ಕಾನೂನಿನ ಒಂದು ಮೊಕದ್ದಮೆ ಬಾಯಿಪಾಠ. ಅದು ಇದೇ ಕಲ್ಕತ್ತಾದ್ದು. 1895ರಲ್ಲಿ ಧರ್ಮೋದಾಸ್ ಘೋಷ್ ಎಂಬ ಅಪ್ರಾಪ್ತ ವಯಸ್ಕ ತನ್ನ ಆಸ್ತಿಯನ್ನು ಅಡವಿಟ್ಟು 20,000 ರೂಪಾಯಿಗೆ ಸಾಲಪತ್ರ ಬರೆದುಕೊಟ್ಟ. ಅವನು ಅಪ್ರಾಪ್ತನೆಂಬ ಸಂಗತಿ ಸಾಲ ಕೊಡುವವರ ಕಡೆಯ ವಕೀಲನಿಗೆ ತಿಳಿದಿತ್ತು. ಪ್ರಕರಣ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿ 1903ರಲ್ಲಿ ತೀರ್ಪು ಬಂತು: ಅಪ್ರಾಪ್ತ ವಯಸ್ಕ ಮಾಡಿಕೊಂಡ ಕರಾರು ಮೊದಲಿನಿಂದಲೇ ಅಸಿಂಧು. 1872ರ ಭಾರತೀಯ ಕರಾರು ಕಾಯಿದೆಯ ಮೇಲೆ ಬಂದ ಆ ತೀರ್ಪು, ಮೊಹೋರಿ ಬೀಬಿ ಪ್ರಕರಣವೆಂದು, ಇಂದಿಗೂ ಕಾಲೇಜುಗಳಲ್ಲಿ ಪಾಠವಾಗಿದೆ.

ಈಗ ನಮ್ಮ ಮನೆಯ ಹದಿಮೂರು ವರ್ಷದ ಮಗುವನ್ನು ನೋಡಿ. ಖಾತೆ ತೆರೆಯುವಾಗ ಹತ್ತಾರು ಪುಟಗಳ ಕರಾರು ಬರುತ್ತದೆ. 'ಒಪ್ಪಿದ್ದೇನೆ' ಎಂಬಲ್ಲಿ ಬೆರಳು ಒತ್ತಿದರೆ ಆಯಿತು. ಹದಿಮೂರು ಎಂಬ ಈ ಸಂಖ್ಯೆ ಎಲ್ಲಿಂದ ಬಂತು? ಮಕ್ಕಳ ಮಾಹಿತಿ ರಕ್ಷಣೆಗೆ ಅಮೆರಿಕ 1998ರಲ್ಲಿ ಮಾಡಿದ ಕಾಯಿದೆ ಹದಿಮೂರು ವರ್ಷದೊಳಗಿನವರಿಗೆ ಅನ್ವಯಿಸುತ್ತದೆ. ಕಂಪೆನಿಗಳು ಅದನ್ನೇ ಜಗತ್ತಿಗೆಲ್ಲ ಅಳತೆಗೋಲು ಮಾಡಿಕೊಂಡವು. ನಮ್ಮ ಕಾನೂನಿನ ಪ್ರಕಾರ ಹದಿನೆಂಟು ತುಂಬುವವರೆಗೆ ಮಗು ಮಗುವೇ. ನಡುವಿನ ಐದು ವರ್ಷ ಯಾರ ಹೊಣೆ ಎಂಬ ಪ್ರಶ್ನೆಗೆ ಬಹುಕಾಲ ಉತ್ತರವಿರಲಿಲ್ಲ.

ಬ್ಯಾಂಕಿನಲ್ಲಿ ಹೀಗಿಲ್ಲ. ರಿಸರ್ವ್ ಬ್ಯಾಂಕಿನ 2025ರ ಏಪ್ರಿಲ್ ಸುತ್ತೋಲೆಯಂತೆ ಹತ್ತು ವರ್ಷ ಮೇಲ್ಪಟ್ಟ ಮಗು ತಾನೇ ಉಳಿತಾಯ ಖಾತೆ ತೆರೆದು ನಡೆಸಬಹುದು. ಆದರೆ ಜನನದ ದಾಖಲೆ ನೋಡುತ್ತೇವೆ. ಹಣಕ್ಕೆ ಮಿತಿ ಇರುತ್ತದೆ. ಇದ್ದುದಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಹತ್ತು ವರ್ಷದ ಮಗುವಿನ ನೂರು ರೂಪಾಯಿಗೆ ಇಷ್ಟು ಕಾವಲು. ಅದೇ ಮಗುವಿನ ಫೋಟೊ, ಶಾಲೆ, ಗೆಳೆಯರು, ಮನಸ್ಸಿನ ಒಲವು ಇವೆಲ್ಲಕ್ಕೂ ಅದು ಒತ್ತಿದ ಹುಟ್ಟಿದ ಇಸವಿಯೇ ದಾಖಲೆ.

ಇದನ್ನು ಸರಿಪಡಿಸಲು ಭಾರತ ಸರಕಾರ 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯಿದೆ ತಂದಿದೆ. ಅದರ 9ನೇ ಕಲಮಿನ ಪ್ರಕಾರ ಹದಿನೆಂಟು ವರ್ಷದೊಳಗಿನವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು, ಅದು ಪರಿಶೀಲಿಸಬಹುದಾದ ಒಪ್ಪಿಗೆಯಾಗಿರಬೇಕು. ಮಕ್ಕಳ ನಡವಳಿಕೆಯ ಬೆನ್ನುಹತ್ತುವುದು, ಅವರನ್ನೇ ಗುರಿಯಾಗಿಸಿ ಜಾಹೀರಾತು ಕೊಡುವುದು ನಿಷಿದ್ಧ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪೆನಿಗಳ ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಈ ಕಾಯಿದೆ ಆಸ್ಟ್ರೇಲಿಯಾದಂತೆ ಬಾಗಿಲು ಮುಚ್ಚುವುದಿಲ್ಲ, ಕೀಲಿಕೈಯನ್ನು ಹೆತ್ತವರ ಕೈಗೆ ಕೊಡುತ್ತದೆ. ಆದರೆ ಅನೇಕ ಮನೆಗಳಲ್ಲಿ ಅಪ್ಪನ ಮೊಬೈಲಿಗೆ ಬರುವ ಒಟಿಪಿಯನ್ನು ಓದಿ ಹಾಕುವುದೂ ಮಗನೇ. ಕೀಲಿಕೈ ಕೊಟ್ಟರೆ ಸಾಲದು, ಬೀಗ ಯಾವುದೆಂದು ಹೆತ್ತವರಿಗೆ ಗೊತ್ತಿರಬೇಕು.

ಬಾಡಿಗೆಗೆ ಬ್ಯಾಂಕ್ ಖಾತೆ

ಹದಿಹರೆಯದ ಅಪಾಯಗಳೆಂದರೆ ನಾವು ಪ್ರೀತಿ ಪ್ರೇಮ, ಅಶ್ಲೀಲ ಚಿತ್ರ, ಅಂಕ ಕಡಿಮೆಯಾಗುವುದು ಎಂದಷ್ಟೇ ಯೋಚಿಸುತ್ತೇವೆ. ಕೌಂಟರಿನಲ್ಲಿ ಕುಳಿತವನಿಗೆ ಇನ್ನೊಂದು ಅಪಾಯ ಕಾಣುತ್ತದೆ. ಜಾಲತಾಣದಲ್ಲಿ ಪರಿಚಯವಾದ ಯಾರೋ ಒಬ್ಬ "ನಿನ್ನ ಖಾತೆಗೆ ಸ್ವಲ್ಪ ಹಣ ಬರುತ್ತದೆ, ತೆಗೆದು ಕೊಟ್ಟರೆ ನಿನಗೂ ಪಾಲು" ಎನ್ನುತ್ತಾನೆ. ಕಾಲೇಜು ಹುಡುಗರು ಖುಷಿಯಿಂದ ಒಪ್ಪುತ್ತಾರೆ. ಬರುವ ಹಣ ಎಲ್ಲಿಯೋ ಒಬ್ಬರಿಗೆ ವಂಚಿಸಿದ್ದು. ಪೊಲೀಸರು ಜಾಡು ಹಿಡಿದು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ಖಾತೆ ಸ್ಥಗಿತವಾಗುತ್ತದೆ, ಪರೀಕ್ಷಾ ಶುಲ್ಕ ಕಟ್ಟುವ ಹೊತ್ತಿಗೆ ಹಣ ಸಿಗುವುದಿಲ್ಲ, ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ ಹಳೆಯ ಪ್ರಕರಣ ಎದುರು ನಿಲ್ಲುತ್ತದೆ.

ಪಶ್ಚಿಮ ಬಂಗಾಳದಲ್ಲಿಯೇ ಇದಕ್ಕೆ ದೊಡ್ಡ ಉದಾಹರಣೆ ಇದೆ. ಹನ್ನೆರಡನೇ ತರಗತಿಯ ಮಕ್ಕಳಿಗೆ ಟ್ಯಾಬ್ ಅಥವಾ ಸ್ಮಾರ್ಟ್‌ಫೋನ್ ಕೊಳ್ಳಲು ತಲಾ 10,000 ರೂಪಾಯಿ ಕೊಡುವ ಯೋಜನೆಯನ್ನು ರಾಜ್ಯ ಸರಕಾರ 2021ರಲ್ಲಿ ಆರಂಭಿಸಿತು. 'ತರುಣೇರ್ ಸ್ವಪ್ನ' ಎಂದು ಅದರ ಹೆಸರು. 2024ರಲ್ಲಿ ಹನ್ನೊಂದನೇ ತರಗತಿಗೂ ವಿಸ್ತರಿಸಲಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ನೂರಾರು ಮಕ್ಕಳ ಹಣ ಬೇರೆಯವರ ಖಾತೆಗಳಿಗೆ ಹೋದದ್ದು ಬಯಲಾಯಿತು. ಅನೇಕ ಬಂಧನಗಳಾದವು. ಅಲ್ಪ ಹಣದಾಸೆಗೆ ಬಾಡಿಗೆಗೆ ಕೊಟ್ಟ ಖಾತೆಗಳು ಅದರಲ್ಲಿ ಬಳಕೆಯಾಗಿದ್ದವು. ಓದಲೆಂದು ಕೊಟ್ಟ ಹಣ ಓದುವವರನ್ನು ತಲುಪದೆ ಹೋದ ಈ ಪ್ರಕರಣ ಹೆತ್ತವರ ಕಣ್ಣು ತೆರೆಸಬೇಕು. ಇಂಥ ಬಾಡಿಗೆ ಖಾತೆಗಳನ್ನು ಪತ್ತೆಹಚ್ಚಲು ರಿಸರ್ವ್ ಬ್ಯಾಂಕಿನ ಬೆಂಗಳೂರಿನ ಇನ್ನೊವೇಶನ್ ಹಬ್ ಒಂದು ಕಂಪ್ಯೂಟರ್ ವ್ಯವಸ್ಥೆ ರೂಪಿಸಿದ್ದನ್ನು 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಲಾಯಿತು. ಯಂತ್ರ ಹಿಡಿಯುವುದು ಹಣ ಬಂದ ಮೇಲೆ. ಅದಕ್ಕೆ ಮೊದಲೇ "ನಿನ್ನ ಖಾತೆ ಯಾರಿಗೂ ಕೊಡಬೇಡ ಮಗಾ" ಎಂದು ಹೇಳಬೇಕಾದವರು ನಾವು.

ಹಿರಿಯರೂ ಒಮ್ಮೆ ಕನ್ನಡಿ ನೋಡಿಕೊಳ್ಳಲಿ

ಮಕ್ಕಳು ತಮ್ಮ ವಿವರಗಳನ್ನು ಬಯಲಿಗೆ ಹಾಕುತ್ತಾರೆಂದು ದೂರುವ ನಮ್ಮ ಸಂಘ ಸಂಸ್ಥೆಗಳು ಸ್ವತಃ ಏನು ಮಾಡುತ್ತಿವೆ? ಪ್ರತಿಭಾ ಪುರಸ್ಕಾರದ ಕಾಲ ಬಂದರೆ ಸಾಕು, ಅಂಕಪಟ್ಟಿಗಳ ಫೋಟೊ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತದೆ. ಅದರಲ್ಲಿ ಹುಟ್ಟಿದ ದಿನಾಂಕವಿದೆ, ತಂದೆ ತಾಯಿಯ ಹೆಸರಿದೆ, ಶಾಲೆಯ ಹೆಸರಿದೆ. ಅದರ ಕೆಳಗೆ "ಅಭಿನಂದಿಸಲು ಕರೆ ಮಾಡಿ" ಎಂದು ಮೊಬೈಲ್ ಸಂಖ್ಯೆ. ಸನ್ಮಾನದ ಫೋಟೊ ಫೇಸ್‌ಬುಕ್‌ನಲ್ಲಿ ಎಲ್ಲರಿಗೂ ಕಾಣುವಂತೆ. ವಂಚಕನೊಬ್ಬ "ನಿಮ್ಮ ಮಗಳಿಗೆ ವಿದ್ಯಾರ್ಥಿವೇತನ ಮಂಜೂರಾಗಿದೆ" ಎಂದು ಹೆಸರು ಹಿಡಿದು ಕರೆ ಮಾಡಲು ಇದಕ್ಕಿಂತ ಹೆಚ್ಚಿನ ಸಾಮಗ್ರಿ ಬೇಕಾಗಿಲ್ಲ. ಪುರಸ್ಕಾರ ಖಂಡಿತ ನಡೆಯಲಿ, ಫೋಟೊ ಬರಲಿ. ಅಂಕಪಟ್ಟಿ, ಜನ್ಮದಿನಾಂಕ, ದೂರವಾಣಿ ಸಂಖ್ಯೆ ಸಮಿತಿಯ ಕಡತದಲ್ಲಿಯೇ ಉಳಿಯಲಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಸಂಘಗಳು ಏನು ಮಾಡಬಹುದು?

ಮಕ್ಕಳ ಓದಿನ ವಿಷಯದಲ್ಲಿ ಬಂಗಾಳದಿಂದ ಕಲಿಯಬೇಕಾದದ್ದು ಬಹಳಷ್ಟಿದೆ. 1913ರಲ್ಲಿ ಉಪೇಂದ್ರಕಿಶೋರ್ ರಾಯ್ ಆರಂಭಿಸಿದ 'ಸಂದೇಶ್' ಮಕ್ಕಳ ಪತ್ರಿಕೆಯನ್ನು ನಿಂತುಹೋದ ಮೇಲೆ 1961ರಲ್ಲಿ ಮೊಮ್ಮಗ ಸತ್ಯಜಿತ್ ರಾಯ್ ಮತ್ತೆ ತಂದರು. ಜಗತ್ಪ್ರಸಿದ್ಧ ನಿರ್ದೇಶಕರಾಗಿದ್ದರೂ ಮಕ್ಕಳಿಗಾಗಿ ಬರೆಯಲು ಅವರಿಗೆ ಹೊತ್ತಿತ್ತು. ಪತ್ತೇದಾರಿ ಫೆಲುದಾ ಹುಟ್ಟಿದ್ದು 1965ರಲ್ಲಿ, ಅದೇ ಪತ್ರಿಕೆಯಲ್ಲಿ. ಮಕ್ಕಳು ತಾವೇ ಬರೆದು ಕಳಿಸಿದ್ದಕ್ಕೂ ಅದರಲ್ಲಿ ಜಾಗವಿತ್ತು. ಓದುಗನನ್ನು ಬರೆಯುವವನನ್ನಾಗಿ ಮಾಡುವ ಕೆಲಸವನ್ನು ಕಂಪ್ಯೂಟರ್ ಬರುವ ಮೊದಲೇ ಇಲ್ಲಿಯವರು ಮಾಡಿದ್ದರು. 1976ರಿಂದ ನಡೆದುಬಂದಿರುವ ಕೋಲ್ಕತಾ ಪುಸ್ತಕ ಮೇಳದಲ್ಲಿ ಮಕ್ಕಳ ಪುಸ್ತಕದ ಅಂಗಡಿಗಳ ಮುಂದೆ ಇಂದಿಗೂ ಜನ ಸೇರುವುದಕ್ಕೆ ಅಂಥ ಬಿತ್ತನೆಯೇ ಕಾರಣ. ಕನ್ನಡದಲ್ಲಿಯೂ ಶಿವರಾಮ ಕಾರಂತರು 1930ರ ದಶಕದಲ್ಲಿಯೇ 'ಬಾಲ ಪ್ರಪಂಚ'ದಂಥ ಬೃಹತ್ ಕೆಲಸಕ್ಕೆ ಕೈಹಾಕಿದ್ದರು. ಪರಂಪರೆ ನಮ್ಮಲ್ಲೂ ಇದೆ, ಮುಂದುವರಿಸುವ ಕೈಗಳು ಬೇಕು.

ನಮ್ಮ ಜೋಕಾದ ಮಕ್ಕಳಿಗೆ ಬೆಂಗಳೂರಿನ ಮಕ್ಕಳಲ್ಲಿಲ್ಲದ ಒಂದು ಬಂಡವಾಳವಿದೆ. ಅವರಿಗೆ ಬಂಗಾಳಿ ಚೆನ್ನಾಗಿ ಬರುತ್ತದೆ. ಮನೆಯಲ್ಲಿ ಕನ್ನಡ ಬಲ್ಲ ಅಜ್ಜಿ ಇದ್ದಾರೆ. ಸ್ಟೋರಿವೀವರ್‌ನಲ್ಲಿರುವ ಹತ್ತು ಹನ್ನೆರಡು ಪುಟಗಳ ಬಂಗಾಳಿ ಕಥೆಯೊಂದನ್ನು ಹುಡುಗಿ ಓದಿ ಹೇಳಲಿ, ಅಜ್ಜಿ ಅದಕ್ಕೆ ಒಳ್ಳೆಯ ಕನ್ನಡ ಮಾತು ಹುಡುಕಿಕೊಡಲಿ, ಹುಡುಗಿ ಟೈಪ್ ಮಾಡಲಿ, ಸಮಿತಿಯ ಯಾರಾದರೂ ತಿದ್ದಿಕೊಡಲಿ. ಹೆತ್ತವರ ಖಾತೆಯಿಂದ ಅಥವಾ ಸಂಘದ ಖಾತೆಯಿಂದ ಪ್ರಕಟಿಸಿದರೆ ಕೊಪ್ಪಳದ ಶಾಲೆಯ ಮಗುವೂ ಅದನ್ನು ಓದಬಹುದು, ಕಾಸರಗೋಡಿನ ಮಗುವೂ ಓದಬಹುದು. ಇನ್‌ಸ್ಟಾಗ್ರಾಂನಲ್ಲಿ ಹಾಕಿದ ಸ್ಟೋರಿ 24 ಗಂಟೆಯಲ್ಲಿ ಮಾಯವಾಗುತ್ತದೆ. ಈ ಸ್ಟೋರಿ ಉಳಿಯುತ್ತದೆ. ಕನ್ನಡ ಅಕ್ಷರ ಕಲಿಯಲು ಇದಕ್ಕಿಂತ ಒಳ್ಳೆಯ ನೆಪ ಇನ್ನೇನು ಬೇಕು?

ಈ ನಿಟ್ಟಿನಲ್ಲಿ ಸಂಘಗಳ ಪರಿಶೀಲನೆಗಾಗಿ ಕೆಲವು ಸೂಚನೆಗಳು:

ಒಂದು: ತಿಂಗಳಿಗೊಂದು ಭಾನುವಾರ ಎರಡು ಗಂಟೆ, ಯಾರಾದರೊಬ್ಬ ಸದಸ್ಯರ ಮನೆಯಲ್ಲಿ ಓದಿನ ಕೂಟ. ಮೊಬೈಲ್ ತರಲೇಬೇಕು. ಅದರಲ್ಲಿ ಕನ್ನಡ ಕೀಲಿಮಣೆ ಹಾಕಿಕೊಡುವುದು ಮೊದಲ ದಿನದ ಕೆಲಸ. ಪಠ್ಯಪುಸ್ತಕ, ಧ್ವನಿಕಥೆ, ಅನುವಾದ ಆಮೇಲೆ.

ಎರಡು: ರಾಜ್ಯೋತ್ಸವದ ಸ್ಮರಣ ಸಂಚಿಕೆಯಲ್ಲಿ ಜಾಹೀರಾತಿನ ಒಂದು ಪುಟ ಕಡಿಮೆಯಾದರೂ ಚಿಂತೆಯಿಲ್ಲ, ಹದಿಹರೆಯದವರು ಕನ್ನಡದಲ್ಲಿ ಬರೆದ ಎರಡು ಪುಟ ಇರಲಿ.

ಮೂರು: ವರ್ಷಕ್ಕೊಮ್ಮೆ ಹೆತ್ತವರಿಗೂ ಮಕ್ಕಳಿಗೂ ಒಟ್ಟಿಗೆ ಒಂದು ತಿಳಿವಳಿಕೆ ಸಭೆ. ಖಾತೆಯನ್ನು ಖಾಸಗಿಯಾಗಿಡುವುದು, ತೊಂದರೆ ಕೊಡುವವರನ್ನು ತಡೆಯುವುದು, ಎರಡು ಹಂತದ ಪಾಸ್‌ವರ್ಡ್ ಇಡುವುದು, ಇವನ್ನು ಮಕ್ಕಳೇ ಹಿರಿಯರಿಗೆ ತೋರಿಸಿಕೊಡಲಿ. ಇನ್‌ಸ್ಟಾಗ್ರಾಂ 2025ರ ಫೆಬ್ರವರಿಯಲ್ಲಿ ಭಾರತದ ಹದಿಹರೆಯದವರಿಗೂ ಪ್ರತ್ಯೇಕ ಬಗೆಯ ಖಾತೆ ತಂದಿದೆ. ಅದರಲ್ಲಿ ಅಪರಿಚಿತರು ಸುಲಭವಾಗಿ ಒಳನುಗ್ಗುವಂತಿಲ್ಲ. ಹದಿನಾರು ವರ್ಷದೊಳಗಿನವರು ನಿರ್ಬಂಧ ಸಡಿಲಿಸಲು ಹೆತ್ತವರ ಅನುಮತಿ ಬೇಕು. ವಯಸ್ಸು ಸುಳ್ಳು ಹೇಳಿದ ಮಗುವಿಗೆ ಈ ರಕ್ಷಣೆ ಸಿಗದು ಎಂಬುದನ್ನು ಬಿಡಿಸಿ ಹೇಳಬೇಕು.

ನಾಲ್ಕು: ಹಣ ಹೋದರೆ ನಾಚಿಕೆಯಿಂದ ಸುಮ್ಮನಿರದೆ ಕೂಡಲೇ 1930 ಸಂಖ್ಯೆಗೆ ಕರೆ ಮಾಡಬೇಕು. ಎಷ್ಟು ಬೇಗ ತಿಳಿಸಿದರೆ ಅಷ್ಟು ಹಣ ತಡೆಹಿಡಿಯಲು ಸಾಧ್ಯ. ಮಕ್ಕಳಿಗೆ ಯಾರಾದರೂ ಕಿರುಕುಳ ಕೊಟ್ಟರೆ 1098. ಮಗುವಿನ ಚಿತ್ರ ತೋರಿಸಿ ಹೆದರಿಸುವುದು ಶಿಕ್ಷಾರ್ಹ ಅಪರಾಧ. 2012ರ ಪೋಕ್ಸೊ ಕಾಯಿದೆ, ಮಾಹಿತಿ ತಂತ್ರಜ್ಞಾನ ಕಾಯಿದೆ ಎರಡೂ ಮಗುವಿನ ಬೆನ್ನಿಗಿವೆ. ಈ ಎರಡು ಸಂಖ್ಯೆಗಳು ಸಂಘದ ಪ್ರತಿ ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಇದ್ದರೆ ಉತ್ತಮ.

ಐದು: ಮನೆಯಲ್ಲಿ ಕದ್ದು ನೋಡುವ ಅಭ್ಯಾಸ ಬೇಡ. ಪಾಸ್‌ಬುಕ್ ಎಂಟ್ರಿ ಮಾಡಿಸುವಂತೆ ವಾರಕ್ಕೊಮ್ಮೆ ಮಗುವಿನ ಎದುರಿಗೇ ಕುಳಿತು, "ಈ ವಾರ ಏನು ಓದಿದೆ, ಯಾರು ಹೊಸಬರು ಪರಿಚಯವಾದರು, ಯಾರಾದರೂ ಹಣದ ಮಾತು ಆಡಿದರಾ" ಎಂದು ಕೇಳಿದರೆ ಸಾಕು. ಬೈಗುಳವಿಲ್ಲದೆ ಕೇಳಿದರೆ ಮಕ್ಕಳು ಹೇಳುತ್ತಾರೆ. ಬೈದರೆ ಇನ್ನೊಂದು ಹೆಸರಿನಲ್ಲಿ ಎರಡನೇ ಖಾತೆ ತೆರೆಯುತ್ತಾರೆ.

ಕಾನೂನು ಕಂಪೆನಿಗಳ ಕೈ ಕಟ್ಟಲಿ, ಅದು ಅಗತ್ಯವಾಗಿ ಆಗಬೇಕಾದ ಕೆಲಸ. ಆದರೆ ಹೊರನಾಡಿನಲ್ಲಿ ಬೆಳೆಯುವ ಮಗುವಿಗೂ ಕನ್ನಡಕ್ಕೂ ಇರುವ ಎಳೆ ಬಹಳ ತೆಳುವಾದದ್ದು. ಇಂದು ಆ ಎಳೆ ಬಹುಪಾಲು ಮೊಬೈಲಿನ ಮೂಲಕವೇ ಹಾದುಹೋಗುತ್ತಿದೆ. ಬುಟ್ಟಿಗೆ ಮೊಬೈಲ್ ಹಾಕಿಸಿದರೆ ಆ ಎರಡು ಗಂಟೆ ಮಗು ನಮ್ಮ ಭಾಷಣ ಕೇಳಬಹುದು, ಕನ್ನಡ ಓದಲು ಮಾತ್ರ ಕಲಿಯುವುದಿಲ್ಲ. ಮುಂದಿನ ಕಾರ್ಯಕಾರಿ ಸಮಿತಿ ಸಭೆಯ ವಿಷಯಪಟ್ಟಿಯಲ್ಲಿ ಬುಟ್ಟಿಯ ಸಲಹೆಯ ಜೊತೆಗೆ ಭಾನುವಾರದ ಓದಿನ ಕೂಟದ ಸಲಹೆಯೂ ಇರಲಿ ಎಂದು ಎಲ್ಲ ಸಂಘಗಳ ಪದಾಧಿಕಾರಿಗಳಲ್ಲಿ, ಸದಸ್ಯ ಬಂಧುಗಳಲ್ಲಿ ಕಳಕಳಿಯ ವಿನಂತಿ.